ಬಿದ್ದವನ ಹೆಸರು

ತಿಳವಳ್ಳಿಯಿಂದ ಹಾನಗಲ್ಲಿಗೆ ಹೋಗುವ ದಾರಿಯಲ್ಲಿ ಒಂದು ತಗ್ಗಿದೆ. ಅದಕ್ಕೆ ಫಕ್ಕೀರಪ್ಪನ ತಗ್ಗು ಎಂದು ಹೆಸರು. ಫಕ್ಕೀರಪ್ಪ ಅದನ್ನು ತೋಡಿದವನಲ್ಲ. ಬತ್ತದ ಚೀಲಗಳ ಸಮೇತ ಅದರೊಳಗೆ ಬಂಡಿ ಕೆಡವಿಕೊಂಡವನು. ಆ ಸೀಮೆಯಲ್ಲಿ ಹೆಸರಿಡುವ ರೀತಿಯೇ ಹಾಗೆ.

ಗರಡಿಮನೆಗಳಲ್ಲಿಯೂ ಅದೇ ರೀತಿ ನಡೆದುಬಂದಿತ್ತು. ಕೊಲ್ಲಾಪುರದ ಕಡೆಯಿಂದ ಬಂದ ಪಟ್ಟುಗಳು ತಮ್ಮ ಹೆಸರನ್ನು ತಾವೇ ತಂದಿದ್ದವು. ಅಗಸನು ಬಟ್ಟೆಯನ್ನು ಹೆಗಲ ಮೇಲಿಂದ ಕಲ್ಲಿಗೆ ಒಗೆಯುವಂತೆ ಎದುರಾಳಿಯನ್ನು ಒಗೆಯುವುದು ಧೋಬಿ ಪಟ್ಟು. ಅದರಲ್ಲಿ ಕೇಳುವಂಥದೇನೂ ಇಲ್ಲ. ಆದರೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ಕಡೆಯ ಮಣ್ಣಿನಲ್ಲಿಯೇ ಹುಟ್ಟಿದ ಪಟ್ಟಿಗೆ ಅದನ್ನು ಹಾಕಿದವನ ಹೆಸರನ್ನು ಇಡುತ್ತಿರಲಿಲ್ಲ. ಅದಕ್ಕೆ ಮೊದಲು ಬಿದ್ದವನ ಹೆಸರನ್ನು ಇಡುತ್ತಿದ್ದರು. ಗೆದ್ದವನಿಗೆ ರುಮಾಲು ಸುತ್ತಿ, ಹಲಗಿ ಬಾರಿಸಿ, ಊರೆಲ್ಲ ಮೆರೆಸುತ್ತಾರೆ. ಬಿದ್ದವನಿಗೆ ಬೆನ್ನಿನ ಮಣ್ಣಲ್ಲದೆ ಮತ್ತೇನು ಸಿಕ್ಕಿತು, ಅವನಿಗೆ ಹೆಸರಾದರೂ ಇರಲಿ ಎಂದು ಗರಡಿಯ ಗುರುಗಳಾದ ಹಿಂದಿನ ವಸ್ತಾದರು ಮಾಡಿದ ಕಟ್ಟಳೆಯಂತೆ.

ಈ ಕಟ್ಟಳೆಯಿಂದ ಎಲ್ಲರಿಗೂ ದುಃಖವಾಗಿತ್ತೆಂದು ತಿಳಿಯಬಾರದು. ಆಡೂರಿನ ಹನುಮಂತಪ್ಪ ಎಂಬಾತ ಹರೆಯದಲ್ಲಿ ಕಾಲಿಗೆ ಹಾಕಿದ ಒಂದು ಹೊಸ ಪಟ್ಟಿಗೆ ಬಿದ್ದಿದ್ದನು. ಆ ಪಟ್ಟು ‘ಹನುಮಂತಪ್ಪ’ ಎಂದೇ ಎಲ್ಲ ಗರಡಿಗಳಲ್ಲಿ ಪ್ರಸಿದ್ಧವಾಯಿತು. ಮನೆಗೆ ಬೀಗರು ಬಂದರೂ ಆತ ಧೋತರ ಮೇಲೆತ್ತಿ ಆ ಮೊಣಕಾಲನ್ನು ತೋರಿಸುತ್ತಿದ್ದನು. “ನನ್ನ ಹೆಸರು ಹುಬ್ಬಳ್ಳಿ ದಾಟಿ ಹೋಗೇತ್ರಿ. ನಾನs ಇನ್ನೂ ಶಿಗ್ಗಾವಿ ದಾಟಿಲ್ಲ,” ಎಂದು ಹೇಳಿಕೊಳ್ಳುತ್ತಿದ್ದನು.

ತಿಳವಳ್ಳಿಯ ಪರಮೇಶಪ್ಪನ ಸ್ವಭಾವ ಬೇರೆ. ಕೆರೆಯ ಕೆಳಗೆ ಒಳ್ಳೆಯ ಗದ್ದೆಗಳಿದ್ದ ಮನೆತನ. ನಸುಕಿನಲ್ಲಿ ಎದ್ದು ಮಿಂದು ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ಹೊರಗೆ ಬಂದನೆಂದರೆ ಕಟ್ಟೆಯ ಮೇಲೆ ಕುಳಿತವರು ಕಾಲು ಮಡಚಿಕೊಳ್ಳುತ್ತಿದ್ದರು. ಇಂಥವನ ಮಗ ಕರಬಸಪ್ಪ. ಒಂದೂವರೆ ಆಳಿನ ಎತ್ತರ, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲೆಯಾಗುವಂಥ ಮೈ. ಇಂಥ ಮೈಯನ್ನು ಬರಿಯ ರಂಟೆಯ ಹಿಂದೆ ಸವೆಸಬಾರದೆಂದು ಊರ ಗರಡಿಯ ವಸ್ತಾದ ಮೈಲಾರಪ್ಪ ಅವನನ್ನು ಕರೆದುಕೊಂಡು ಹೋದನು. ಕರಬಸಪ್ಪನಿಗೆ ಶಕ್ತಿಯಿತ್ತು, ದಮ್ಮಿತ್ತು, ಅವಸರವೊಂದು ಇರಲಿಲ್ಲ. ಅದಲ್ಲದೆ ತಿನ್ನುವುದರ ಮೇಲೆ ಬಹಳ ಪ್ರೀತಿ.

ಸವಣೂರಿನಲ್ಲಿ ದೊಡ್ಡ ಕುಸ್ತಿ ಗೊತ್ತಾಯಿತು. ಎದುರಾಳಿ ಆ ಊರಿನ ಕರೀಮಸಾಬ, ಗಿಡ್ಡ ಆಳು, ಒಣಗಿದ ಜಾಲಿ ಬೊಡ್ಡೆಯಂಥ ಮೈ. ಪರಮೇಶಪ್ಪ ಹೊಸ ರುಮಾಲು ಸುತ್ತಿಕೊಂಡು ಮುಂದಿನ ಜಮಖಾನೆಯ ಮೇಲೆ ಕುಳಿತಿದ್ದನು. ಇಬ್ಬರೂ ಕೈ ಕೂಡಿಸಿ ಬಹಳ ಹೊತ್ತು ತಳ್ಳಾಡಿದರು. ಅಷ್ಟರಲ್ಲಿ ಮಂದಿಯ ಅಂಚಿನಲ್ಲಿ ಒಬ್ಬ ಮಿರ್ಚಿ ಕರಿಯಲಾರಂಭಿಸಿದನು. ಗಾಳಿ ಈ ಕಡೆಗೇ ಇತ್ತು. ಕರಬಸಪ್ಪ ಒಮ್ಮೆ ಮೂಗೆತ್ತಿ ಆ ಕಡೆಗೆ ನೋಡಿದ್ದನ್ನು ನೋಡಿದವರು ಬಹಳ ಜನ. ಕರೀಮಸಾಬ ಅವನ ತೋಳನ್ನು ಎಳೆದುಕೊಂಡು ಕಂಕುಳ ಕೆಳಗೆ ನುಗ್ಗಿ, ಒಂದು ಮೊಣಕಾಲು ಊರಿ ಗರಕ್ಕನೆ ತಿರುಗಿದನು. ಕರಬಸಪ್ಪ ಉಳಿದವರಂತೆ ಬೀಳಲಿಲ್ಲ. ಮೊದಲು ಕುಳಿತನು. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಂತೆ ಕಾಲು ಮಡಚಿ ಕುಳಿತು, ಬಡಿಸುವವರು ಎಲ್ಲಿಯವರೆಗೆ ಬಂದರು ಎಂಬಂತೆ ಒಂದು ಸಲ ಪಕ್ಕಕ್ಕೆ ನೋಡಿದನು. ಆಮೇಲೆ ಕರೀಮಸಾಬ ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಮಲಗಿಸಿದನು.

ಹಲಗಿಯವರಿಗೆ ನಕ್ಕು ನಕ್ಕು ಬಾರಿಸುವುದಾಗಲಿಲ್ಲ. ಹಿರಿಯರು ಕೂಡಿ, ಹೀಗೆ ಕುಳ್ಳಿರಿಸಿ ಮಲಗಿಸುವ ಪಟ್ಟನ್ನು ಹಿಂದೆ ಯಾರೂ ಕಂಡಿಲ್ಲ, ಇದು ಹೊಸತು ಎಂದು ತೀರ್ಮಾನಿಸಿದರು. ಅಲ್ಲಿಂದ ಅದರ ಹೆಸರು ‘ಕರಬಸಪ್ಪ’ ಎಂದಾಯಿತು. ಕರಬಸಪ್ಪ ಮಣ್ಣು ಝಾಡಿಸಿಕೊಂಡು ಎದ್ದು, ನಗುತ್ತ, ಕರೀಮಸಾಬನೇ ಕೊಡಿಸಿದ ಮಿರ್ಚಿಯನ್ನು ತಿನ್ನುತ್ತ ನಿಂತನು. ಪರಮೇಶಪ್ಪ ರುಮಾಲನ್ನು ಕೈಯಲ್ಲಿ ಹಿಡಿದುಕೊಂಡು ಬಂಡಿ ಹತ್ತಿದನು.

ಮುಂದೆ ಅವನಿಗೆ ಎಲ್ಲಿಯೂ ಸುಖವಿಲ್ಲದಾಯಿತು. ಹಾನಗಲ್ಲ ಸಂತೆಗೆ ಹೋದರೆ ಯಾರೋ ಯಾರಿಗೋ “ಕರಬಸಪ್ಪ ಹಾಕಲೇ” ಎಂದು ಕೂಗುತ್ತಿದ್ದರು. ಹಿರೇಕೆರೂರಿನ ಲಗ್ನದಲ್ಲಿ ಒಬ್ಬ ದಲ್ಲಾಳಿ ತನ್ನ ಎದುರಾಳಿಯನ್ನು ಕೋರ್ಟಿನಲ್ಲಿ ಹೇಗೆ ಸೋಲಿಸಿದೆನೆಂದು ಹೇಳುತ್ತ, ಮೊದಲು ಕುಳ್ಳಿರಿಸಿದೆ, ಆಮೇಲೆ ಮಲಗಿಸಿದೆ, ಥೇಟು ಕರಬಸಪ್ಪ, ಎಂದನು. ಆ ಕರಬಸಪ್ಪನ ತಂದೆ ಪಕ್ಕದಲ್ಲಿಯೇ ಉಣ್ಣುತ್ತಿರುವುದು ಅವನಿಗೆ ತಿಳಿದಿರಲಿಲ್ಲ. ಪರಮೇಶಪ್ಪ ಮೈಲಾರಪ್ಪನನ್ನು ಕರೆಯಿಸಿ, ಆ ಹೆಸರನ್ನು ತೆಗೆಯಿಸಲೇಬೇಕೆಂದು ಹಟ ಹಿಡಿದನು. ಅದಕ್ಕೂ ಒಂದು ಕಟ್ಟಳೆಯಿತ್ತು. ನಾಲ್ಕೂ ಕಡೆಯ ವಸ್ತಾದರು ಒಂದೇ ಗರಡಿಯಲ್ಲಿ ಕೂತು ಒಪ್ಪಬೇಕು. ಬೇರೆ ಹೆಸರು ಹುಡುಕಬೇಕು. ಮನೆಯ ಹಿರಿಯನು ಗರಡಿಯ ಮಣ್ಣನ್ನು ಕೈಯಲ್ಲಿ ಹಿಡಿದು, ಇಂಥವನ ಹೆಸರು ಈ ಪಟ್ಟಿನಿಂದ ಇಳಿಯಿತು ಎಂದು ಬಾಯಿಬಿಟ್ಟು ಹೇಳಬೇಕು. ನಾಲ್ವರು ವಸ್ತಾದರು ಒಂದು ಕಡೆ ಕೂಡುವುದೆಂದರೆ ನಾಲ್ಕು ಹೋರಿಗಳನ್ನು ಒಂದೇ ಗೂಟಕ್ಕೆ ಕಟ್ಟಿದಂತೆ. ಸುಗ್ಗಿ ಎಂದು ಒಮ್ಮೆ, ಸಿಟ್ಟು ಎಂದು ಒಮ್ಮೆ, ವರ್ಷಗಳು ಮುಂದಕ್ಕೆ ಹೋದವು.

ಮಗನನ್ನು ಬೈದರೆ ಅವನು ರೊಟ್ಟಿ ಮುರಿಯುತ್ತ, “ಅಪ್ಪಾ, ಹಿಂದ ಗೆದ್ದಾವ್ರ ಹೆಸರು ಒಂದರೆ ಹೇಳು ನೋಡೂಣು,” ಎಂದನು. ಪರಮೇಶಪ್ಪ ಯೋಚಿಸಿದನು. ಒಂದೂ ನೆನಪಿಗೆ ಬರಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂದಿತು.

ಹುಡುಗನ ಮದುವೆಯ ಮಾತು ನಡೆದಿದ್ದ ವರ್ಷ, ಭಾದ್ರಪದದಲ್ಲಿ ಊರಿಗೆ ಜ್ವರ ಬಂದಿತು. ಬಡಕಲು ಮೈಯವರು ಎದ್ದು ಕುಳಿತರು, ಕರಬಸಪ್ಪ ಏಳಲಿಲ್ಲ. ಶಿವನು ಕೊಟ್ಟದ್ದನ್ನು ಶಿವನೇ ಒಯ್ದನು. ಅದಕ್ಕೆ ಹೆಚ್ಚು ಮಾತಿಲ್ಲ.

ಆಮೇಲೆ ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಆಡಲಿಲ್ಲ. ಮಠದ ಅಯ್ಯನವರು ‘ಲಿಂಗೈಕ್ಯನಾದ ನಿಮ್ಮ ಮಗ’ ಎನ್ನುತ್ತಿದ್ದರು. ಬಳಗದವರು ‘ಅವ’ ಎನ್ನುತ್ತಿದ್ದರು. ಹೆಸರೆತ್ತಿದರೆ ತಾಯಿ ದಾನವ್ವನಿಗೆ ನೋವಾದೀತೆಂದು ಪರಮೇಶಪ್ಪ ಸುಮ್ಮನಿದ್ದನು. ಗಂಡನಿಗೆ ನೋವಾದೀತೆಂದು ದಾನವ್ವ ಸುಮ್ಮನಿದ್ದಳು. ಪೂಜೆಗೆ ಕುಳಿತು ಕಣ್ಣು ಮುಚ್ಚಿದರೆ ಪಂಚಾಕ್ಷರಿಯ ನಡುವೆ ಆ ಹೆಸರು ಬಾಯಿಯವರೆಗೆ ಬಂದು ಅಲ್ಲಿಯೇ ಕುಳಿತುಬಿಡುತ್ತಿತ್ತು.

ಒಂದು ಸಂಜೆ ಗರಡಿಯಿಂದ ಹಿಂತಿರುಗುವ ಪೈಲವಾನರು ಮನೆಯ ಮುಂದೆ ಹಾಯ್ದರು. ಅವರಲ್ಲೊಬ್ಬ ತನ್ನ ಜೊತೆಗಾರನಿಗೆ, ನೀನು ಕರಬಸಪ್ಪ ಹಾಕುವಾಗ ಮೊಣಕಾಲು ಊರುವುದಿಲ್ಲ, ಅದಕ್ಕೇ ಜಾರುತ್ತೀ, ಎಂದು ದೊಡ್ಡ ದನಿಯಲ್ಲಿ ಹೇಳುತ್ತ ಬಂದವನು, ಯಾರ ಮನೆ ಎಂಬುದು ನೆನಪಾಗಿ ನಾಲಗೆ ಕಚ್ಚಿಕೊಂಡನು. ದಾನವ್ವ ಹೊರಗೆ ಬಂದಳು. ಒಳಗೆ ಕುಳಿತಿದ್ದ ಪರಮೇಶಪ್ಪ, ಅವರನ್ನು ಬೈಯುತ್ತಾಳೆಂದುಕೊಂಡು ಕಿಟಕಿಯಿಂದ ನೋಡಿದನು. ಅವಳು ಬೈಯಲಿಲ್ಲ. ಅದನ್ನು ಇಲ್ಲಿಯೇ ಹಾಕಿ ತೋರಿಸಿರಿ ಎಂದು ಕೇಳಿದಳು. ಅವರು ಅಂಜುತ್ತ ಅಂಗಳದಲ್ಲಿ ಹಾಕಿ ತೋರಿಸಿದರು. ಕುಳಿತವನನ್ನು ನೋಡಿ ದಾನವ್ವ, “ಅವ ಹಂಗ ಕುಂತಿದ್ದಿಲ್ಲೋ ತಮ್ಮಾ. ಬಲಗಾಲು ಮ್ಯಾಲ ಇತ್ತಂತ. ನನಗ ಅವನs ಹೇಳಿದ್ದ,” ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಭಾದ್ರಪದದಿಂದೀಚೆಗೆ ಅವಳು ನಕ್ಕಿರಲಿಲ್ಲ. ಪರಮೇಶಪ್ಪ ಕಿಟಕಿಯ ಸರಳನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತನು. ಗರಡಿಯನ್ನು ಬಿಟ್ಟರೆ ಈ ಲೋಕದಲ್ಲಿ ತನ್ನ ಮಗನ ಹೆಸರನ್ನು ಗಂಟಲು ತುಂಬ ಕೂಗುವ ಜಾಗ ಇನ್ನೊಂದಿಲ್ಲ ಎಂದು ಅವನಿಗೆ ಆಗ ತಿಳಿಯಿತು.

ಶಿವನ ಲೀಲೆ ನೋಡಿರಿ. ಆ ವಾರವೇ ಮೈಲಾರಪ್ಪ ಓಡುತ್ತ ಬಂದು, ನಾಲ್ಕೂ ಕಡೆಯ ವಸ್ತಾದರು ಒಪ್ಪಿದ್ದಾರೆ, ಸೋಮವಾರ ಹಾನಗಲ್ಲಿನ ಗರಡಿಯಲ್ಲಿ ಕೂಡುತ್ತಾರೆ ಎಂದು ಹೇಳಿದನು. ಹುಡುಗ ಹೋದ ಸುದ್ದಿ ಕೇಳಿ ಎಲ್ಲರ ಕರುಳೂ ಕರಗಿತ್ತು. ಮಗನನ್ನು ಕಳೆದುಕೊಂಡ ಹಿರಿಯನ ಕಿವಿಗೆ ಆ ಹೆಸರು ಇನ್ನು ಬೀಳಬಾರದು, ನಮ್ಮಿಂದ ಅಷ್ಟಾದರೂ ಪುಣ್ಯವಾಗಲಿ, ಎಂದು ಸಿಟ್ಟಿನವರೂ ಸಿಟ್ಟು ಬಿಟ್ಟಿದ್ದರು. ಹೇಳುತ್ತ ಹೇಳುತ್ತ ಮೈಲಾರಪ್ಪನ ಕಣ್ಣಲ್ಲಿ ನೀರು ಬಂದಿತು. ಇಷ್ಟು ವರ್ಷ ತಾನೇ ಬೆನ್ನು ಹತ್ತಿದ್ದ ಕೆಲಸವನ್ನು ಈಗ ಬೇಡವೆನ್ನಲು ಪರಮೇಶಪ್ಪನಿಗೆ ಬಾಯಿ ಬರಲಿಲ್ಲ. ಬಹಳ ಉಪಕಾರವಾಯಿತು ಎಂದನು. ದಾನವ್ವ ಒಳಗಿನಿಂದ ಎಲ್ಲವನ್ನೂ ಕೇಳಿದಳು. ಸೋಮವಾರ ಅವನ ರುಮಾಲನ್ನು ಗೂಟದಿಂದ ತೆಗೆದುಕೊಡುವಾಗ ಕೈಯಿಂದ ಬೇಗ ಬಿಡಲಿಲ್ಲ.

ಹಾನಗಲ್ಲಿನ ಗರಡಿಯಲ್ಲಿ ಪರಮೇಶಪ್ಪನಿಗೆ ಕಂಬಳಿ ಮಡಚಿ ಹಾಸಿ ಕುಳ್ಳಿರಿಸಿದರು. ಶಿಗ್ಗಾವಿಯ ವಸ್ತಾದ ಗುತ್ತೆಪ್ಪ ಬಂದಿದ್ದನು. ಚಿಕ್ಕೇರೂರಿನಿಂದ ಹಿರೇಕೆರೂರಿನವರ ಪರವಾಗಿ ನಾಗಪ್ಪ ಬಂದಿದ್ದನು. ಸವಣೂರಿನಿಂದ ಕರೀಮಸಾಬ, ಈಗ ಅವನೂ ವಸ್ತಾದನೇ. ಹಾನಗಲ್ಲ ಕಡೆಯಿಂದ ಮೈಲಾರಪ್ಪ. ಯಾರೂ ಕರೆಯದಿದ್ದರೂ ಆಡೂರಿನ ಹನುಮಂತಪ್ಪ ನಡೆದುಕೊಂಡು ಬಂದು ಮೂಲೆಯಲ್ಲಿ ಕುಳಿತಿದ್ದನು. ಇವತ್ತು ಒಂದು ಹೆಸರು ಹೋದರೆ ನಾಳೆ ತನ್ನದೂ ಹೋದೀತೆಂಬ ಭಯ ಅವನಿಗೆ.

ಗುತ್ತೆಪ್ಪ ಮೊದಲು ಹುಡುಗನ ಗುಣವನ್ನು ಹೊಗಳಿ, ಕಣ್ಣೊರೆಸಿಕೊಂಡು, ಆ ಪಟ್ಟನ್ನು ಇನ್ನು ಮುಂದೆ ‘ಚೀಲ ಇಳುವು’ ಎಂದು ಕರೆಯಬಹುದೆಂದನು. ಬಂಡಿಯಿಂದ ಚೀಲವನ್ನು ಹೀಗೆಯೇ ಇಳಿಸುವುದಲ್ಲವೇ. ಚೆನ್ನಾಗಿದೆ ಎಂದು ಎಲ್ಲರೂ ತಲೆಯಾಡಿಸಿದರು. ಪರಮೇಶಪ್ಪ, ಚೀಲ ಇಳಿಸುವುದು ಹಮಾಲರ ಕೆಲಸ, ಪೈಲವಾನರನ್ನು ಹಮಾಲರೆಂದು ಕರೆದ ಹಾಗಾಗುವುದು, ಅದು ಗರಡಿಗೆ ಶೋಭೆಯಲ್ಲ, ಎಂದನು. ದುಃಖದಲ್ಲಿಯೂ ಯಜಮಾನರಿಗೆ ಗರಡಿಯ ಮಾನದ ಮೇಲೆ ಎಷ್ಟು ಲಕ್ಷ್ಯ ಎಂದು ಅವರಿಗೆ ಇನ್ನೂ ಕನಿಕರವಾಯಿತು.

ನಾಗಪ್ಪ ಪುರಾಣ ಕೇಳಿ ಬಲ್ಲವನು. ಅವನು ‘ಗಜಶಯನ’ ಎಂಬ ಹೆಸರನ್ನು ತಂದಿದ್ದನು. ಹುಡುಗ ಆನೆಯಂಥವನು, ಆನೆ ಮೊದಲು ಕುಳಿತು ಆಮೇಲೆ ಮಲಗುತ್ತದೆ, ಆದ್ದರಿಂದ ಮರ್ಯಾದೆಯೂ ಉಳಿಯಿತು, ಅರ್ಥವೂ ಕೂಡಿತು. ಪರಮೇಶಪ್ಪ, “ಆನಿ ಮಲಗೋದನ್ನ ಯಾರರೆ ನೋಡೀರೇನ್ರಿ?” ಎಂದು ಕೇಳಿದನು. ಗುತ್ತೆಪ್ಪ, ಆನೆ ನಿಂತೇ ನಿದ್ದೆ ಮಾಡುತ್ತದೆ, ಮಲಗಿತೆಂದರೆ ಸತ್ತಿತೆಂದು ಅರ್ಥ, ಎಂದನು. ನಾಗಪ್ಪ, ನಾನು ಮಠದ ಆನೆ ಕೆರೆಯಲ್ಲಿ ಮಲಗಿದ್ದನ್ನು ಈ ಕಣ್ಣಾರೆ ಕಂಡಿದ್ದೇನೆ ಎಂದನು. ಮೈ ತೊಳೆಯುವಾಗ ಮಲಗುವುದು ಮಲಗುವುದಲ್ಲ ಎಂದು ಗುತ್ತೆಪ್ಪ. ಹಾಗಾದರೆ ನಿನ್ನ ಹೆಂಡತಿ ನಿನಗೆ ಎಣ್ಣೆ ತಿಕ್ಕುವಾಗ ನೀನು ನಿಂತಿರುತ್ತೀಯೇನು ಎಂದು ನಾಗಪ್ಪ. ಇಬ್ಬರೂ ಅಂಗಿಯ ತೋಳು ಮೇಲೇರಿಸಿದರು. ಚಹ ಬಂದು ಮುಗಿದರೂ ಆನೆ ಏಳಲಿಲ್ಲ, ಮಲಗಲೂ ಇಲ್ಲ. ಪರಮೇಶಪ್ಪನಿಗೆ ಸ್ವಲ್ಪ ಉಸಿರಾಡಿದಂತಾಯಿತು.

ಅಷ್ಟರಲ್ಲಿ ಅಲ್ಲಿಯವರೆಗೆ ಎಲೆ ಮೆಲ್ಲುತ್ತಿದ್ದ ಕರೀಮಸಾಬ, ‘ದಾವತ್’ ಎಂದು ಇಡೋಣವೇ ಎಂದನು. ಊಟಕ್ಕೆ ಕುಳ್ಳಿರಿಸಿದಂತೆ ಕುಳ್ಳಿರಿಸುವುದು. ಉಂಡವನು ಮಲಗಿದಂತೆ ಮಲಗಿಸುವುದು. ಎಲ್ಲರೂ ತೊಡೆ ತಟ್ಟಿದರು. ಹೆಸರು ಅಷ್ಟು ಸರಿಯಾಗಿ ಕೂಡಿತ್ತು. ಪರಮೇಶಪ್ಪ, ಶ್ರಾವಣ ಸೋಮವಾರ ಉಪವಾಸ ಇದ್ದವನು ದಾವತ್ ಹಾಕಬಹುದೋ ಹಾಕಬಾರದೋ ಎಂದು ಒಂದು ಸಂಶಯ ತೆಗೆದನು. “ಉಪಾಸ ಇದ್ದಾವ ಅಖಾಡಕ್ಕ ಯಾಕ ಬರ್ತಾನ್ರಿ ಯಜಮಾನ್ರ? ಮನ್ಯಾಗ ಮಲಕ್ಕೋತಾನ,” ಎಂದನು ಕರೀಮಸಾಬ. ಮೈಲಾರಪ್ಪ ಅಖಾಡದಿಂದ ಒಂದು ಹಿಡಿ ಕೆಂಪು ಮಣ್ಣನ್ನು ತಂದು ಪರಮೇಶಪ್ಪನ ಬೊಗಸೆಯಲ್ಲಿ ಇಟ್ಟನು.

ಪರಮೇಶಪ್ಪ ಎದ್ದು ನಿಂತನು. ಹೆಸರು ಇಳಿಯಿತು ಎಂದು ಹೇಳಬೇಕಾದರೆ ಮೊದಲು ಹೆಸರನ್ನು ಹೇಳಬೇಕಲ್ಲ. ಅದು ಬಾಯಿಯವರೆಗೆ ಬಂದಿತು. ಪೂಜೆಯಲ್ಲಿ ಆಗುವಂತೆ ಇಲ್ಲಿಯೂ ಅಲ್ಲಿಯೇ ಕುಳಿತಿತು. ವಸ್ತಾದರು ತಲೆ ತಗ್ಗಿಸಿ ಕಾದರು. ಅವಮಾನ ಅಷ್ಟು ಆಳವಾಗಿ ನಟ್ಟಿದೆ ಪಾಪ, ಎಂದು ಅವರ ಭಾವನೆ. ಬೊಗಸೆಯ ಸಂದಿನಿಂದ ಮಣ್ಣು ಸೋರುತ್ತಿತ್ತು.

“ಕರೀಮಸಾಬ,” ಎಂದನು ಪರಮೇಶಪ್ಪ ಕೊನೆಗೆ. “ಅದನ್ನ ನಾ ಕಂಡೇನಿ, ಉಂಡಿಲ್ಲ. ನನಗೊಮ್ಮೆ ಹಾಕು.”

ಎಲ್ಲರೂ ಗಾಬರಿಯಾದರು. ವಯಸ್ಸಾದವರು, ವಿಭೂತಿ ಹಚ್ಚಿದ ಮೈ, ಸೊಂಟ ಉಳುಕಿದರೆ ಗತಿಯೇನು ಎಂದು ಮೈಲಾರಪ್ಪ ಅಡ್ಡ ನಿಂತನು. ಹನುಮಂತಪ್ಪ ಒಬ್ಬನೇ ಮುಂದೆ ಬಂದು, ಕೋಟು ರುಮಾಲುಗಳನ್ನು ತಾನು ಹಿಡಿದುಕೊಳ್ಳುವುದಾಗಿ ಕೈ ಚಾಚಿದನು. ಪರಮೇಶಪ್ಪ ಕೊರಳ ಲಿಂಗದ ಕರಡಿಗೆಯನ್ನು ಎದೆಗೆ ಸರಿಯಾಗಿ ಬಿಗಿದುಕೊಂಡು, ಧೋತರದ ಕಚ್ಚೆ ಹಾಕಿ, ಅಖಾಡಕ್ಕೆ ಇಳಿದನು. ಕರೀಮಸಾಬ ಮಣ್ಣನ್ನು ಹಣೆಗೆ ಹಚ್ಚಿಕೊಂಡು, ಮಾಫ್ ಮಾಡಬೇಕು ಎಂದು ಹೇಳಿ, ಅವನ ತೋಳನ್ನು ಹಿಡಿದನು.

ಕಂಕುಳ ಕೆಳಗೆ ಏನೋ ನುಗ್ಗಿದಂತಾಯಿತು, ಗರಡಿಯ ತೊಲೆಗಳು ಒಂದು ಸುತ್ತು ತಿರುಗಿದವು, ಪರಮೇಶಪ್ಪ ಕುಳಿತಿದ್ದನು. ನೋವೇನೂ ಇರಲಿಲ್ಲ. ಮಣ್ಣು ಮೆತ್ತಗಿತ್ತು, ಎಣ್ಣೆ ಅರಿಸಿನಗಳ ವಾಸನೆ ಬರುತ್ತಿತ್ತು. ಮಾಡುವುದೇನೂ ಇರಲಿಲ್ಲವಾದ್ದರಿಂದ ಒಂದು ಸಲ ಪಕ್ಕಕ್ಕೆ ನೋಡಿದನು. ಅದನ್ನು ಕಂಡು ಗುತ್ತೆಪ್ಪ ನಗು ತಡೆಯಲಾಗದೆ ಕೆಮ್ಮಿದನು. ಎದೆಯ ಮೇಲೆ ಕರೀಮಸಾಬನ ಕೈ ಬಂದಿತು. ಹಿಂದಕ್ಕೆ ಬೀಳುವಾಗ ಪರಮೇಶಪ್ಪನಿಗೆ, ಕುತ್ತಿಗೆಯ ಹಿಂದೆ ಇನ್ನೊಂದು ಕೈ ಇರುವುದು ತಿಳಿಯಿತು. ಎಳೆಯ ಕೂಸನ್ನು ತೊಟ್ಟಿಲಿಗೆ ಹಾಕುವವರು ಹಿಡಿಯುವಂತೆ ಆ ಕೈ ಅವನ ತಲೆಯನ್ನು ಹಿಡಿದಿತ್ತು. ಹೊರಗಿನಿಂದ ನೋಡುವವರಿಗೆ ಅದು ಕಾಣುವಂಥದಲ್ಲ.

ಮಲಗಿದಲ್ಲಿಂದಲೇ ಪರಮೇಶಪ್ಪ, “ಅವಂಗೂ ಹಿಂಗ ಕೈ ಕೊಟ್ಟಿದ್ಯಾ?” ಎಂದು ಕೇಳಿದನು.

“ಕೈ ಕೊಡದಿದ್ರ ಅದು ಪಟ್ಟು ಹೆಂಗಾದೀತ್ರೀ?” ಎಂದನು ಕರೀಮಸಾಬ. “ಎತ್ತಿ ಒಗದಂಗ ಆಕ್ಕೇತಿ.”

ಪರಮೇಶಪ್ಪ ತೊಲೆಗಳನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಮಲಗಿಯೇ ಇದ್ದನು. ಕಣ್ಣಿನ ಅಂಚಿನಿಂದ ನೀರು ಕಿವಿಗೆ ಇಳಿಯಿತು. ಆಮೇಲೆ, “ಹೆಸರು ಇರ್ಲಿ. ಇದ್ದಂಗs ಇರ್ಲಿ,” ಎಂದನು. “ಮನ್ಯಾಗ ಯಾರೂ ಕರ್ಯಂಗಿಲ್ಲ ಅವನ್ನ. ನೀವರೆ ಕರೀರಿ.”

ಮೈಲಾರಪ್ಪ ಬಂದು ಕೈ ಕೊಟ್ಟು ಎಬ್ಬಿಸಿದನು. ನಾಗಪ್ಪನೊಬ್ಬ ಸ್ವಲ್ಪ ಬೇಸರಪಟ್ಟುಕೊಂಡನು. ಅವನು ಒಪ್ಪಿಗೆಗೆ ಕಾಯದೆ ಚಿಕ್ಕೇರೂರಿನಲ್ಲಿ ಗಜಶಯನವನ್ನು ಆಗಲೇ ಕಲಿಸಲಾರಂಭಿಸಿದ್ದನು. ಆದರೆ ವಸ್ತಾದರು ಗಜಶಯನ ಎಂದು ಪೂರ್ತಿ ಹೇಳುವುದರೊಳಗೆ ಎದುರಾಳಿ ತಪ್ಪಿಸಿಕೊಂಡು ಹೋಗುತ್ತಾನೆಂದು ಶಿಷ್ಯರು ತಕರಾರು ಮಾಡಿದ್ದರಂತೆ. ಕರೀಮಸಾಬ, ತನ್ನ ದಾವತ್ ಹೆಸರಾಗದಿದ್ದರೆ ಊಟವಾದರೂ ಆಗಲಿ ಎಂದು ಸವಣೂರಿನಿಂದ ತಂದ ಕರಿದ ಖಾರದ ಪೊಟ್ಟಣವನ್ನು ಬಿಚ್ಚಿ ಎಲ್ಲರ ನಡುವೆ ಇಟ್ಟನು. ಹನುಮಂತಪ್ಪನ ಸಂತೋಷಕ್ಕೆ ಮೇರೆಯಿರಲಿಲ್ಲ. ಕೋಟನ್ನು ಕೊಡುತ್ತ, ಮೊದಲು ಬಿದ್ದವನಿಗೆ ಹೆಸರು, ಆಮೇಲೆ ಬಿದ್ದವರಿಗೆ ಬರಿಯ ಮಣ್ಣು, ತಾವು ತಪ್ಪು ತಿಳಿಯಬಾರದು ಎಂದು ಪರಮೇಶಪ್ಪನಿಗೆ ಸಮಾಧಾನ ಹೇಳಿದನು.

ಸಂಜೆಯ ಮೋಟಾರಿನಲ್ಲಿ ಪರಮೇಶಪ್ಪ ಊರಿಗೆ ಬಂದನು. ದಾನವ್ವ ಕಾಲಿಗೆ ನೀರು ಹಿಡಿದುಕೊಂಡು ಬಾಗಿಲಿಗೆ ಬಂದವಳು ಅವನನ್ನು ನೋಡಿ ನಿಂತಳು. ತಲೆಗೂದಲಲ್ಲಿ, ಕಿವಿಯ ಹಿಂದೆ, ಧೋತರದ ತುಂಬ ಕೆಂಪು ಮಣ್ಣು.

“ಇದೇನ್ರಿ ಇದು? ಯಾರು ಕೆಡವಿದ್ರು ನಿಮ್ಮನ್ನ?”

ಪರಮೇಶಪ್ಪ ತಂಬಿಗೆಯನ್ನು ಇಸಿದುಕೊಂಡನು. ಒಂದು ಕಾಲಿಗೆ ನೀರು ಹಾಕಿಕೊಂಡನು. ಇನ್ನೊಂದು ಕಾಲಿಗೂ ಹಾಕಿಕೊಂಡನು.

“ಕರಬಸಪ್ಪ,” ಎಂದನು.

ದಾನವ್ವ ಬಾಗಿಲ ಚೌಕಟ್ಟಿಗೆ ಕೈ ಊರಿದಳು. ಒಳಗೆ ಒಲೆಯ ಮೇಲೆ ರೊಟ್ಟಿ ಹೊತ್ತಿದ ವಾಸನೆ ಬರುತ್ತಿತ್ತು, ಅವಳು ಹೋಗಲಿಲ್ಲ.

“ಮದಲ ಕುಂಡ್ರಿಸಿದ್ನೇನ್ರಿ?” ಎಂದು ಕೇಳಿದಳು.

“ಹೂಂ. ಕುಂಡ್ರಿಸಿದ,” ಎಂದನು ಪರಮೇಶಪ್ಪ. “ಬಾ, ಹೇಳ್ತೇನಿ.”